ದೃಷ್ಟಿಬೊಟ್ಟು

ಮನೆ ಎಂದಮೇಲೆ ಬಂದವರ ಕಣ್ಣಿಗೆ ಬೀಳುವ ಸಾಮಾನು ಕೆಲವು, ಬೀಳದ ಸಾಮಾನು ಹಲವು. ನಡುಮನೆಯ ಕುರ್ಚಿ, ಗೋಡೆಯ ಮೇಲಿನ ಪಟ, ಗಾಜಿನ ಬೀರುವಿನೊಳಗಿನ ಚನ್ನಪಟ್ಟಣದ ಬೊಂಬೆ ಇವೆಲ್ಲ ನೋಡುವವರಿಗಾಗಿಯೇ ಇರುವಂಥವು. ಆದರೆ ಸಂಸಾರ ನಡೆಯುವುದು ಇವುಗಳಿಂದ ಎಂದು ಯಾರೂ ಹೇಳಲಾರರು. ಹಾಲಿನವನ ಲೆಕ್ಕ ಬರೆದಿಟ್ಟ ಚೀಟಿ, ಬೀಗದ ಕೈ ನೇತುಹಾಕುವ ಮೊಳೆ, ಯಾವ ಡಬ್ಬಿಯಲ್ಲಿ ತೊಗರಿಬೇಳೆ ಯಾವುದರಲ್ಲಿ ಹೆಸರುಬೇಳೆ ಎಂಬ ಗೃಹಿಣಿಯ ಜ್ಞಾನ, ಇವುಗಳ ಮೇಲೆ ಸಂಸಾರ ನಿಂತಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವೆಂದರೆ ನೆಲವನ್ನು ತೋಡಿ ಮಾಡಿದ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣೆಳೆದುಬಿಟ್ಟರೆ, ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರೂ ಕೆಳಗೆ ಒಂದು ಮನೆತನದ ಅನ್ನವಿದೆಯೆಂದು ದಾರಿಹೋಕನಿಗೆ ತಿಳಿಯುತ್ತಿರಲಿಲ್ಲ.

ಗಣಕಯಂತ್ರವೂ ಇಂಥದೇ ಒಂದು ಮನೆಯೆಂಬುದು ನನಗೆ ತಿಳಿದುಬಂದದ್ದು ಈಚೆಗೆ, ವಯಸ್ಸು ಮೂವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ನಾನು ಅದರ ನಡುಮನೆಯಲ್ಲಿ ಕುಳಿತು ಎದ್ದುಬರುವ ಅತಿಥಿಯಾಗಿದ್ದೆನಷ್ಟೆ. ಅಂಕಪಟ್ಟಿ ತುಂಬುವುದು, ಪ್ರಶ್ನೆಪತ್ರಿಕೆ ಅಚ್ಚುಮಾಡುವುದು, ಬಂಧುಗಳು ಕಳುಹಿಸಿದ ಮದುವೆಯ ಚಿತ್ರಗಳನ್ನು ನೋಡುವುದು, ಇಷ್ಟರಲ್ಲಿ ನಮ್ಮ ಪರಿಚಯ ಮುಗಿಯುತ್ತಿತ್ತು. ಅದರ ಹಗೇವಿನ ಬಾಯಿ ಎಲ್ಲಿದೆಯೆಂದು ತಡಕುವ ಪ್ರಸಂಗ ಒದಗಿದ್ದು ಒಂದು ಶಬ್ದದ ದೆಸೆಯಿಂದ.

ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಶಬ್ದದ ಹುಚ್ಚು ಹಿಡಿಯುವುದು ಸಹಜ. ಹಳಗನ್ನಡ ಕಾವ್ಯವೊಂದರಲ್ಲಿ ಒಂದು ಮಾತು ಎಲ್ಲೆಲ್ಲಿ ಬಂದಿದೆ, ಯಾವ ಯಾವ ಅರ್ಥದಲ್ಲಿ ಬಂದಿದೆ ಎಂದು ಪಟ್ಟಿಮಾಡುವ ಕೆಲಸವನ್ನು ನಾನು ಕೈಗೆತ್ತಿಕೊಂಡಿದ್ದೆ. ಪುಟ ತಿರುವಿ ಬೆರಳು ಸವೆಯುತ್ತಿದ್ದುದನ್ನು ಕಂಡು, ಗಣಕವಿಜ್ಞಾನ ವಿಭಾಗದ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಮರುಕಪಟ್ಟರು. "ಸಾರ್, ಪಠ್ಯ ಯೂನಿಕೋಡಿನಲ್ಲಿದೆ ತಾನೇ? ಲಿನಕ್ಸ್ ಹಾಕಿಕೊಳ್ಳಿ. ಗ್ರೆಪ್ ಅಂತ ಒಂದು ಆಜ್ಞೆ ಇದೆ. ಕಣ್ಣು ಮಿಟುಕಿಸುವುದರೊಳಗೆ ಸಾಲಿನ ಸಂಖ್ಯೆ ಸಮೇತ ತಂದು ನಿಮ್ಮ ಮುಂದೆ ಸುರಿಯುತ್ತೆ" ಎಂದರು. ಹಳೆಯ ಲ್ಯಾಪ್‌ಟಾಪೊಂದಕ್ಕೆ ಅವರೇ ಉಬುಂಟು ಎಂಬ ವ್ಯವಸ್ಥೆಯನ್ನು ತುಂಬಿಕೊಟ್ಟರು. ಕಂಟ್ರೋಲ್, ಆಲ್ಟ್, ಟಿ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ಎಂಬ ಗಾಢವರ್ಣದ ಕಿಟಕಿ ತೆರೆಯಿತು. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ; ಒಂದು ಮಿನುಗುವ ಗೆರೆ ಮಾತ್ರ. ನಾವು ಆಜ್ಞೆಯನ್ನು ಅಕ್ಷರಶಃ ಬರೆಯಬೇಕು, ಅದು ಅಕ್ಷರಶಃ ನಡೆಸಿಕೊಡುತ್ತದೆ. ಮಾತಿನ ಮೇಲೆಯೇ ನಿಂತ ಈ ವ್ಯವಹಾರ ಭಾಷೆಯ ಮೇಷ್ಟ್ರಾದ ನನಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟಿತು. ನನ್ನಾಕೆ ಮಾತ್ರ ಎರಡು ದಿನ ನೋಡಿ, "ಏನ್ರೀ, ಕಪ್ಪು ಪರದೆ ಮುಂದೆ ಕೂತು ಯಾರ ಹತ್ರ ಪಿಸುಗುಟ್ಟತಾ ಇದೀರಿ?" ಎಂದು ಕೇಳಿದಳು.

ಗ್ರೆಪ್ ಹೇಳಿದಂತೆಯೇ ಕೆಲಸ ಮಾಡಿತು. ಆದರೆ ಪ್ರತಿಸಲವೂ ಅದಕ್ಕೆ ಬಾಲದಂತೆ ಅಂಟಿಸಬೇಕಾದ ಅಡ್ಡಗೆರೆಗಳೂ ಅಕ್ಷರಗಳೂ ಬೇಸರ ತಂದವು. ಸಹೋದ್ಯೋಗಿಗಳು, "ಅಷ್ಟು ಉದ್ದ ಯಾಕೆ ಸಾರ್? ನಿಮ್ಮ ಬ್ಯಾಷ್‌ಆರ್‌ಸಿಯಲ್ಲಿ ಒಂದು ಸಾಲು ಸೇರಿಸಿ. ಆಮೇಲೆ ‘ಹುಡುಕು’ ಅಂದರೆ ಸಾಕು" ಎಂದು ಹೇಳಿ ತರಗತಿಗೆ ಹೊರಟುಹೋದರು. ಬ್ಯಾಷ್‌ಆರ್‌ಸಿ ಎಂದರೇನು, ಅದು ಎಲ್ಲಿದೆ ಎಂದು ಕೇಳುವಷ್ಟು ಕಾಲಾವಕಾಶವನ್ನು ಗಂಟೆ ಬಾರಿಸಿದವನು ಕೊಡಲಿಲ್ಲ.

ಸಂಜೆ ಮನೆಗೆ ಬಂದು ಹುಡುಕಿದೆ. ಯಂತ್ರದಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಮನೆ ಇರುತ್ತದೆ. ಅದನ್ನು ಮನೆಯೆಂದೇ ಕರೆಯುತ್ತಾರೆ. ನೀರಿನ ಅಲೆಯಂತೆ ಬಳುಕಿದ ಒಂದು ಪುಟ್ಟ ಗೆರೆ ಅದರ ಸಂಕೇತ. ಆ ಮನೆಯೊಳಗೆ ಏನೇನಿದೆಯೆಂದು ಕೇಳುವುದಕ್ಕೆ ಎಲ್, ಎಸ್ ಎಂಬ ಎರಡಕ್ಷರದ ಆಜ್ಞೆಯಿದೆ. ಕೇಳಿದೆ. ದಸ್ತಾವೇಜು, ಚಿತ್ರ, ಸಂಗೀತ ಎಂದು ಏಳೆಂಟು ಚೀಲಗಳ ಹೆಸರು ಬಂದವು. ಬ್ಯಾಷ್‌ಆರ್‌ಸಿಯ ಸುಳಿವಿಲ್ಲ. ಮತ್ತೆ ಕೇಳಿದೆ, ಅದೇ ಉತ್ತರ. ನಮ್ಮ ಆಡಳಿತ ಕಚೇರಿಗಳಲ್ಲಿ ಕಡತ ಕೇಳಿದಾಗ ಬರುವ ಉತ್ತರವೇ ಇಲ್ಲಿಯೂ ಬಂದದ್ದು ನೋಡಿ ನನಗೆ ನಗು ಬಂತು. ಅನಂತರ ಪುಸ್ತಕ ತೆರೆದು ನೋಡಲಾಗಿ ಗುಟ್ಟು ತಿಳಿಯಿತು. ಎಲ್‌ಎಸ್ ಎಂಬುದರ ಮುಂದೆ ಸ್ವಲ್ಪ ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ, ‘ಎ’ ಎಂಬ ಇಂಗ್ಲಿಷ್ ಅಕ್ಷರವನ್ನು ಬರೆಯಬೇಕು. ‘ಎಲ್ಲವನ್ನೂ ತೋರಿಸು’ ಎಂದು ಅದರ ಅರ್ಥ.

ಬರೆದು ಎಂಟರ್ ಒತ್ತಿದೆ. ಏಳೆಂಟು ಹೆಸರಿದ್ದ ಕಡೆ ಇಪ್ಪತ್ತಕ್ಕೂ ಮೇಲೆ ಹೆಸರುಗಳು ಉದುರಿದವು. ಹೊಸದಾಗಿ ಕಾಣಿಸಿಕೊಂಡ ಎಲ್ಲ ಹೆಸರುಗಳ ತಲೆಯ ಮೇಲೂ ಒಂದೊಂದು ಚುಕ್ಕೆ! ಚುಕ್ಕೆ ಬ್ಯಾಷ್‌ಆರ್‌ಸಿ, ಚುಕ್ಕೆ ಪ್ರೊಫೈಲ್, ಚುಕ್ಕೆ ಬ್ಯಾಷ್‌ಹಿಸ್ಟರಿ, ಚುಕ್ಕೆ ಕಾನ್‌ಫಿಗ್, ಚುಕ್ಕೆ ಕ್ಯಾಷ್. ‘ಸೂಡೋ ಆ್ಯಸ್ ಅಡ್ಮಿನ್ ಸಕ್ಸೆಸ್‌ಫುಲ್’ ಎಂಬ ಬಿರುದಾವಳಿಯಂಥ ಹೆಸರನ್ನು ಹೊತ್ತ ಒಂದು ಕಡತವೂ ಇತ್ತು. ಕುತೂಹಲದಿಂದ ತೆರೆದರೆ ಒಳಗೆ ಒಂದಕ್ಷರವೂ ಇಲ್ಲ. ಆ ಬಳಕೆದಾರನು ಒಮ್ಮೆ ಅಧಿಕಾರ ಚಲಾಯಿಸಿದನೆಂಬುದಕ್ಕೆ ಗುರುತಾಗಿ ಯಂತ್ರವು ಆ ಖಾಲಿ ಕಡತವನ್ನು ಇಟ್ಟುಕೊಳ್ಳುತ್ತದಂತೆ. ಹೆಸರು ದೊಡ್ಡದು, ಒಳಗೆ ಟೊಳ್ಳು. ಇಂಥವು ಮನುಷ್ಯಲೋಕದಲ್ಲಿಯೂ ಉಂಟು.

ನಾವು ವಾಕ್ಯದ ಕೊನೆಯಲ್ಲಿಡುವ ಚುಕ್ಕೆಯನ್ನು ಇವರು ಹೆಸರಿನ ಮೊದಲಲ್ಲಿ ಇಟ್ಟಿದ್ದಾರೆ. ಅಷ್ಟರಿಂದಲೇ ಕಡತ ಕಣ್ಣಿಗೆ ಮರೆಯಾಗುತ್ತದೆ. ಅದಕ್ಕೆ ಬೀಗವಿಲ್ಲ, ಗುಪ್ತಪದವಿಲ್ಲ. ಹೆಸರು ಗೊತ್ತಿದ್ದವನು ನೇರವಾಗಿ ತೆರೆಯಬಹುದು. ಇದನ್ನು ಓದಿದಾಗ ನನಗೆ ನೆನಪಾದದ್ದು ಎಳೆಯ ಮಗುವಿನ ಕೆನ್ನೆಗೆ ನಮ್ಮ ತಾಯಂದಿರು ಇಡುವ ದೃಷ್ಟಿಬೊಟ್ಟು. ಕಾಡಿಗೆಯ ಆ ಚುಕ್ಕೆ ಮಗುವಿಗೆ ಗುರಾಣಿಯಾದೀತೆಂದು ಯಾರೂ ಇಡುವುದಿಲ್ಲ. ನೋಡುವವರ ದೃಷ್ಟಿಯನ್ನು ಸ್ವಲ್ಪ ಅತ್ತ ಸರಿಸಿದರೆ ಸಾಕು ಎಂದು ಇಡುತ್ತಾರೆ. ಈ ಚುಕ್ಕೆಯೂ ಅಷ್ಟೇ ಕೆಲಸ ಮಾಡುತ್ತದೆ.

ಈ ಸಂಪ್ರದಾಯ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯವಾಗಿದೆ. ಲಿನಕ್ಸಿಗೆ ಮೂಲಮಾದರಿಯಾದ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಕಟ್ಟತೊಡಗಿದರು. ಅಲ್ಲಿ ಕಡತಗಳನ್ನು ಚೀಲದೊಳಗೊಂದು ಚೀಲವಾಗಿ ಜೋಡಿಸುವ ಕ್ರಮ ಬಂದಾಗ, ‘ಈಗ ಇರುವ ಚೀಲ’ ಎಂಬುದಕ್ಕೆ ಒಂದು ಚುಕ್ಕೆಯನ್ನೂ ‘ಇದರ ಹೊರಗಿನ ಚೀಲ’ ಎಂಬುದಕ್ಕೆ ಎರಡು ಚುಕ್ಕೆಗಳನ್ನೂ ಹೆಸರಾಗಿ ಇಟ್ಟರು. ಪಟ್ಟಿ ಕೇಳಿದಾಗಲೆಲ್ಲ ಈ ಎರಡು ಹೆಸರುಗಳೂ ಬರತೊಡಗಿದವು. ಅವನ್ನು ಬಿಟ್ಟುಬಿಡುವಂತೆ ಎಲ್‌ಎಸ್‌ಗೆ ಹೇಳಬೇಕಾಯಿತು. ಹೆಸರು ಒಂದು ಚುಕ್ಕೆಯೋ ಎರಡು ಚುಕ್ಕೆಯೋ ಎಂದು ಪೂರ್ತಿ ಪರೀಕ್ಷಿಸುವ ಬದಲು, ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ಬಿಟ್ಟುಬಿಡು ಎಂದು ಬರೆದರು. ಕೆಲಸ ಬೇಗ ಮುಗಿಯಿತು. ಆದರೆ ಅದರಿಂದ, ಚುಕ್ಕೆಯಿಂದ ಹೊರಡುವ ಯಾವ ಹೆಸರೇ ಆಗಲಿ ಪಟ್ಟಿಯಿಂದ ತಪ್ಪಿಸಿಕೊಳ್ಳುವಂತಾಯಿತು. ಮುಂದಿನವರು ಈ ಸಂದಿಯನ್ನು ಕಂಡು, ತಮ್ಮ ತಂತ್ರಾಂಶಗಳ ಏರ್ಪಾಟಿನ ಕಡತಗಳನ್ನೆಲ್ಲ ಅಲ್ಲಿಯೇ ಇಳಿಸಿದರು. ಅದೇ ಪ್ರಯೋಗಾಲಯದಲ್ಲಿ ದುಡಿದ ರಾಬ್ ಪೈಕ್ ಎಂಬವರು 2012ರಲ್ಲಿ ಈ ಕಥೆಯನ್ನು ಬರೆದು, ಸುಲಭದ ದಾರಿ ಹಿಡಿದದ್ದರ ಫಲ ಇದೆಂದು ವಿಷಾದಪಟ್ಟಿದ್ದಾರೆ. ಶಬ್ದಗಳ ಚರಿತ್ರೆಯನ್ನು ಓದಿದವನಿಗೆ ಇದೇನೂ ಹೊಸದಲ್ಲ. ಉಚ್ಚಾರಣೆಯ ಸೌಲಭ್ಯಕ್ಕಾಗಿ ನಾಲಗೆ ಕಂಡುಕೊಂಡ ಅಡ್ಡದಾರಿಗಳೇ ಅಲ್ಲವೆ, ಕಾಲಾಂತರದಲ್ಲಿ ವ್ಯಾಕರಣದ ಸೂತ್ರಗಳಾಗಿ ಕುಳಿತಿರುವುದು?

ಹೆಸರಿನ ಜಾತಕವನ್ನು ಬಿಡಿಸದೆ ಮುಂದೆ ಹೋಗಲು ನನ್ನ ವೃತ್ತಿ ಬಿಡಲಿಲ್ಲ. ನಮ್ಮ ಆಜ್ಞೆಯನ್ನು ಕೇಳಿಸಿಕೊಂಡು ಯಂತ್ರದ ಒಡಲಿಗೆ ಮುಟ್ಟಿಸುವ ಮಧ್ಯವರ್ತಿಗೆ ಶೆಲ್ ಎಂದು ಹೆಸರು. ಚಿಪ್ಪು ಅಥವಾ ಕರಟ ಎಂದರ್ಥ. ಆ ಹೆಸರನ್ನು 1960ರ ದಶಕದಲ್ಲಿ ಟಂಕಿಸಿದವರು ಫ್ರಾನ್ಸಿನ ಲೂಯಿ ಪೂಜಾಂ. ಅವರು ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಹಲವು ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಸಾಲಾಗಿ ನಡೆಸುವ ‘ರನ್‌ಕಾಮ್’ ಎಂಬ ಸಾಧನವನ್ನು ಮಾಡಿದ್ದರು. ಅದರ ಮೊದಲಕ್ಷರಗಳೇ ಇಂದು ಬ್ಯಾಷ್‌ಆರ್‌ಸಿಯ ಬಾಲದಲ್ಲಿರುವ ‘ಆರ್‌ಸಿ’. ತಲೆಯ ಭಾಗವಾದ ‘ಬ್ಯಾಷ್’ ಎಂಬುದು ಒಂದು ಶ್ಲೇಷೆ. ಸ್ಟೀಫನ್ ಬೋರ್ನ್ ಎಂಬವರು ಬರೆದ ಶೆಲ್ 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದು ಮನೆಮಾತಾಗಿತ್ತು. ಅದರ ಜಾಗಕ್ಕೆ 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಹೊಸ ಶೆಲ್ಲಿಗೆ ‘ಬೋರ್ನ್ ಅಗೇನ್ ಶೆಲ್’ ಎಂದು ಹೆಸರಾಯಿತು. ಬೋರ್ನನ ಶೆಲ್ ಮತ್ತೊಮ್ಮೆ ಎಂಬುದು ಒಂದು ಅರ್ಥ. ಮರಳಿ ಹುಟ್ಟಿದ ಶೆಲ್ ಎಂಬುದು ಇನ್ನೊಂದು. ನಾವಾದರೆ ‘ದ್ವಿಜ’ ಎನ್ನುತ್ತಿದ್ದೆವು. ಹಕ್ಕಿಗೂ ಹಲ್ಲಿಗೂ ಒಂದೇ ಶಬ್ದ ಹೇಳಿ ತೃಪ್ತಿಪಟ್ಟ ಕವಿಗಳ ವಂಶದವರಿಗೆ ಈ ವಿನೋದ ಅರ್ಥವಾಗದೆ ಹೋದೀತೆ?

ಆ್ಯಪಲ್ ಯಂತ್ರವಿಟ್ಟುಕೊಂಡಿರುವ ವಾಚಕರು ಬ್ಯಾಷ್‌ಆರ್‌ಸಿಯನ್ನು ಹುಡುಕಿ ಆಯಾಸಪಡಬೇಕಾಗಿಲ್ಲ. 2019ರಲ್ಲಿ ಬಂದ ಕ್ಯಾಟಲೀನಾ ಆವೃತ್ತಿಯಿಂದೀಚೆಗೆ ಅಲ್ಲಿ ಹೊಸ ಬಳಕೆದಾರನಿಗೆ ದೊರೆಯುವುದು ಜೀಶೆಲ್. ಪಾಲ್ ಫಾಲ್‌ಸ್ಟಾಡ್ ಎಂಬವರು ಪ್ರಿನ್ಸ್‌ಟನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 1990ರಲ್ಲಿ ಬರೆದದ್ದು ಅದು. ಅಲ್ಲಿಯ ಬೋಧನಾ ಸಹಾಯಕರಾಗಿದ್ದ ಝೋಂಗ್ ಶಾವೋ ಅವರ ಪ್ರವೇಶನಾಮದಿಂದ ಅದಕ್ಕೆ ಹೆಸರು ಬಂತು. ಮೇಷ್ಟ್ರ ಹೆಸರು ಹೀಗೂ ಉಳಿಯಬಹುದೆಂಬುದು ನಮ್ಮಂಥವರಿಗೆ ಸಮಾಧಾನದ ವಿಷಯ. ಅದರ ಕಡತ ಚುಕ್ಕೆ ಜೀಶ್‌ಆರ್‌ಸಿ. ಹೊಸ ಯಂತ್ರದಲ್ಲಿ ಅದು ಅನೇಕ ವೇಳೆ ಇರುವುದೇ ಇಲ್ಲ. ನಾವೇ ಆ ಹೆಸರಿನಲ್ಲಿ ಒಂದನ್ನು ಬರೆದಿಟ್ಟುಕೊಳ್ಳಬೇಕು.

ಮನೆಗೆ ಮರಳಿ ಬರೋಣ. ಬ್ಯಾಷ್‌ಆರ್‌ಸಿ ಇದ್ದಮೇಲೆ ಪ್ರೊಫೈಲ್ ಎಂಬ ಇನ್ನೊಂದೇಕೆ ಎಂದು ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಊರಿಂದ ಬಂದವನು ಹೊಸ್ತಿಲು ದಾಟುವ ಮುನ್ನ ಒಮ್ಮೆ ಕಾಲು ತೊಳೆಯುತ್ತಾನೆ. ಆಮೇಲೆ ಕೋಣೆಯಿಂದ ಕೋಣೆಗೆ ಹೋಗುವಾಗಲೆಲ್ಲ ತೊಳೆಯುತ್ತ ಕೂರುವುದಿಲ್ಲ. ಹಾಗೆಯೇ, ಬಳಕೆದಾರನು ಯಂತ್ರವನ್ನು ಪ್ರವೇಶಿಸುವಾಗ ಒಮ್ಮೆ ಓದತಕ್ಕದ್ದು ಪ್ರೊಫೈಲ್. ಪ್ರವೇಶಿಸಿದ ಮೇಲೆ ಪ್ರತಿಯೊಂದು ಟರ್ಮಿನಲ್ ಕಿಟಕಿ ತೆರೆದಾಗಲೂ ಓದತಕ್ಕದ್ದು ಬ್ಯಾಷ್‌ಆರ್‌ಸಿ. ಚುಕ್ಕೆ ಬ್ಯಾಷ್‌ಪ್ರೊಫೈಲ್ ಎಂಬುದು ಇದ್ದರೆ ಬ್ಯಾಷ್ ಮೊದಲು ಅದನ್ನೇ ನೋಡುತ್ತದೆ. ಅದು ಸಿಕ್ಕಿತೆಂದರೆ ಪ್ರೊಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಇವೆಲ್ಲ ಒಬ್ಬೊಬ್ಬರ ಮನೆಯ ಕಟ್ಟಳೆಗಳಾದರೆ, ಇಡೀ ಯಂತ್ರಕ್ಕೆ ಅನ್ವಯಿಸುವ ಊರ ಕಟ್ಟಳೆಗಳು ಇಟಿಸಿ ಎಂಬ ಬೇರೊಂದು ಚೀಲದಲ್ಲಿವೆ. ಅಲ್ಲಿಯೇ ಸ್ಕೆಲ್ ಎಂಬ ಒಳಚೀಲವಿದೆ. ಅಸ್ಥಿಪಂಜರ ಎಂಬ ಮಾತಿನ ಹ್ರಸ್ವರೂಪ. ಹೊಸ ಬಳಕೆದಾರನೊಬ್ಬನನ್ನು ಸೇರಿಸಿದಾಗ ಅವನ ಮನೆಗೆ ಈ ಅಸ್ಥಿಪಂಜರದಿಂದಲೇ ಒಂದೊಂದು ಪ್ರತಿ ಹೋಗುತ್ತದೆ. ನಮ್ಮದು ಕೆಟ್ಟರೂ ಅಲ್ಲಿಂದ ಹೊಸ ಪ್ರತಿ ತಂದುಕೊಳ್ಳಬಹುದೆಂಬ ಧೈರ್ಯ ಕಲಿಯುವವರಿಗೆ ಬೇಕಾದದ್ದು.

ಹಗೇವಿನ ಬಾಯಿ ತೆಗೆದ ಕೂಡಲೆ ಒಳಕ್ಕೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಎಂದು ಹಳ್ಳಿಯ ಹಿರಿಯರು ಹೇಳುತ್ತಿದ್ದರು. ಇಲ್ಲಿಯೂ ಒಂದು ನಿಯಮವಿದೆ. ತಿದ್ದುವುದಕ್ಕೆ ಮೊದಲು ಕಡತಕ್ಕೆ ಒಂದು ನಕಲು ಮಾಡಿಟ್ಟುಕೊಳ್ಳಬೇಕು. ನಾನು ಹಾಗೆಯೇ ಮಾಡಿ, ನ್ಯಾನೋ ಎಂಬ ಸರಳವಾದ ಬರವಣಿಗೆಯ ಸಾಧನದಿಂದ ಬ್ಯಾಷ್‌ಆರ್‌ಸಿಯನ್ನು ತೆರೆದೆ. ನೂರಕ್ಕೂ ಮೇಲ್ಪಟ್ಟ ಸಾಲುಗಳಿದ್ದವು. ಅನೇಕ ಸಾಲುಗಳ ಮೊದಲಲ್ಲಿ ಚೌಕಳಿಯಂಥ ಒಂದು ಚಿಹ್ನೆ. ಆ ಚಿಹ್ನೆಯಿರುವ ಸಾಲನ್ನು ಯಂತ್ರ ಓದದೆ ದಾಟಿಹೋಗುತ್ತದೆ; ಅದು ಮುಂದೆ ಓದುವ ಮನುಷ್ಯರಿಗಾಗಿ ಬರೆದದ್ದು. ತಾಳೆಗರಿಯ ಅಂಚಿನಲ್ಲಿ ಲಿಪಿಕಾರನೋ ಅಧ್ಯಾಪಕನೋ ಬರೆದಿಟ್ಟ ಟಿಪ್ಪಣಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಇನ್ನು ಕೆಲವು ಸಾಲುಗಳು ‘ಅಲಿಯಾಸ್’ ಎಂದು ಆರಂಭವಾಗಿದ್ದವು. ಕೋರ್ಟಿನ ವಾರಂಟುಗಳಲ್ಲಿ ಕಳ್ಳರ ಹೆಸರಿನ ನಡುವೆ ಬರುವ ಅಲಿಯಾಸೇ ಇದು. ಒಂದು ಉದ್ದನೆಯ ಆಜ್ಞೆಗೆ ಚಿಕ್ಕದೊಂದು ಅಡ್ಡಹೆಸರಿಡುವ ವಿಧಾನ. ಕೊನೆಯಲ್ಲಿ ನಾನೂ ‘ಹುಡುಕು’ ಎಂಬ ಅಡ್ಡಹೆಸರನ್ನು ಸೇರಿಸಿದೆ. ಬರೆದ ಮಾತ್ರಕ್ಕೆ ತೆರೆದಿರುವ ಕಿಟಕಿಗೆ ಅದು ತಿಳಿಯುವುದಿಲ್ಲ. ಕಡತವನ್ನು ಮತ್ತೊಮ್ಮೆ ಓದೆಂದು ಹೇಳಬೇಕು. ಹಾಗೆ ಹೇಳುವ ಆಜ್ಞೆಯ ಅತಿ ಚಿಕ್ಕ ರೂಪವೂ ಒಂದು ಚುಕ್ಕೆಯೇ ಎಂದು ಕಂಡಾಗ, ಈ ಜನಕ್ಕೆ ಬೇರೆ ಚಿಹ್ನೆಗಳ ಬಡತನವೇನೋ ಎನಿಸಿತು. ಅಂತೂ ಹುಡುಕು ಎಂದರೆ ಯಂತ್ರ ಹುಡುಕತೊಡಗಿತು.

ಈ ವಿದ್ಯೆ ನನ್ನ ಶಬ್ದಪಟ್ಟಿಯ ಮಟ್ಟಿಗೆ ನಿಂತಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಇನ್ನೊಂದು ಮನೆಯಲ್ಲಿ ಉಪಯೋಗಕ್ಕೆ ಬಂತು.

ನನಗೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ನಾಗಮಂಗಲದ ಕಡೆಯವರು. ನಿವೃತ್ತರಾದ ಮೇಲೆ ಮೈಸೂರಿನಲ್ಲಿ ನೆಲೆಸಿ, ತಾವು ಹುಟ್ಟಿದ ಹಳ್ಳಿಯ ಬೇಸಾಯದ ಮಾತುಗಳನ್ನು ಕೂಡಿಹಾಕುತ್ತಿದ್ದರು. ಕಿಟ್ಟೆಲರ 1894ರ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇಲ್ಲದ ಅರ್ಥ ತಮ್ಮ ಊರಲ್ಲಿದೆಯೆಂದು ಸಿಕ್ಕಿದಾಗ ಮಗುವಿನಂತೆ ಹಿಗ್ಗುತ್ತಿದ್ದರು. ಮೊದಲು ಬರೆಯುತ್ತಿದ್ದುದು ನೋಟುಪುಸ್ತಕದಲ್ಲಿ. ಕೈ ನಡುಗತೊಡಗಿದ ಮೇಲೆ ಗಣಕಯಂತ್ರದಲ್ಲಿ. ಅವರು ತೀರಿಕೊಂಡ ಕೆಲವು ತಿಂಗಳ ಮೇಲೆ ಒಂದು ಭಾನುವಾರ ಅಮ್ಮನವರು ಫೋನು ಮಾಡಿದರು.

"ನೋಡಪ್ಪ, ಅವರು ಬರೆದದ್ದೆಲ್ಲ ಈ ಪೆಟ್ಟಿಗೆ ಒಳಗಿದೆ ಅಂತಿದ್ರು. ನಮ್ಮ ಹುಡುಗರು ನೋಡಿದ್ರು, ಫೋಟೋ ಬಿಟ್ಟು ಏನೂ ಕಾಣಲ್ವಂತೆ. ಅಂಗಡಿಯವನೂ ನೋಡಿ, ಏನೂ ಇಲ್ಲ, ಎಲ್ಲಾ ಅಳಿಸಿ ಹೊಸದು ಹಾಕಿಕೊಡ್ತೀನಿ ಅಂದ. ನಾಳೆ ತಗೊಂಡು ಹೋಗ್ತಾನೆ. ಅಳಿಸೋಕೆ ಮುಂಚೆ ನೀನೊಂದು ಸಲ ನೋಡ್ತೀಯಾ?"

ನಾನು ಕೂಡಲೆ ಹೊರಟೆ. ಮೇಷ್ಟ್ರ ಮೇಜು ಹಾಗೆಯೇ ಇತ್ತು. ಯಂತ್ರಕ್ಕೆ ಗುಪ್ತಪದವೇನೂ ಇರಲಿಲ್ಲ. ಗುಂಡಿ ಒತ್ತಿದರೆ ನೇರವಾಗಿ ತೆರೆದುಕೊಂಡಿತು. ಅದೂ ಉಬುಂಟುವೇ. ಹಿಂದೆ ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ಹಾಕಿಕೊಟ್ಟಿದ್ದನಂತೆ. ಓದು ಮುಗಿಸಿ ಎತ್ತಲೋ ಹೋದ. ಅವನ ವಿಳಾಸ ಯಾರಿಗೂ ಗೊತ್ತಿಲ್ಲ. ಚಿತ್ರಗಳ ಚೀಲದಲ್ಲಿ ಮೊಮ್ಮಕ್ಕಳ ಫೋಟೋಗಳಿದ್ದವು. ಉಳಿದ ಚೀಲಗಳೆಲ್ಲ ಖಾಲಿ. ಅಂಗಡಿಯವನು ಹೇಳಿದ್ದು ಅವನಿಗೆ ಕಂಡಷ್ಟರ ಮಟ್ಟಿಗೆ ನಿಜವೇ.

ಟರ್ಮಿನಲ್ ತೆರೆದು, ಅಡ್ಡಗೆರೆ ‘ಎ’ ಸೇರಿಸಿ ಪಟ್ಟಿ ಕೇಳುವ ಮೊದಲು ನಾನು ಅಮ್ಮನವರ ಅಪ್ಪಣೆ ಬೇಡಿದೆ. ಚುಕ್ಕೆಯ ಮರೆಯಲ್ಲಿ ಇರುವುದೆಲ್ಲ ಪರರು ಓದತಕ್ಕದ್ದಲ್ಲ. ಬ್ಯಾಷ್‌ಹಿಸ್ಟರಿ ಎಂಬ ಕಡತದಲ್ಲಿ ನಾವು ಹೊಡೆದ ಆಜ್ಞೆಗಳೆಲ್ಲ ಸಾಲಾಗಿ ಉಳಿದಿರುತ್ತವೆ. ಮರೆವಿನಿಂದ ಅಲ್ಲಿ ಹೊಡೆದ ಗುಪ್ತಪದಗಳೂ ಉಳಿದುಬಿಡುವುದುಂಟು. ಸತ್ತವರ ದಿನಚರಿಯಷ್ಟೇ ಅದೂ ಖಾಸಗಿ. ಅಮ್ಮನವರು, "ನೀನು ಅವರ ಶಿಷ್ಯ, ನಿನ್ನ ಹತ್ರ ಏನು ಮುಚ್ಚುಮರೆ? ನೋಡು" ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

ಬ್ಯಾಷ್‌ಆರ್‌ಸಿಯನ್ನು ತೆರೆದೆ. ಮೊದಲ ನೂರಿಪ್ಪತ್ತು ಸಾಲು ಎಲ್ಲರ ಮನೆಯಲ್ಲಿರುವಂಥದೇ. ಅಸ್ಥಿಪಂಜರದಿಂದ ಬಂದದ್ದನ್ನು ಬಲ್ಲವನಿಗೆ ಆಮೇಲೆ ಸೇರಿಸಿದ್ದು ಥಟ್ಟನೆ ತಿಳಿಯುತ್ತದೆ. ತೀರ ಕೊನೆಯಲ್ಲಿ ಚೌಕಳಿ ಚಿಹ್ನೆ ಹಾಕಿದ ಒಂದು ಟಿಪ್ಪಣಿಯಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ತಾತನವರಿಗೆ. ‘ಪದ’ ಅಂತ ಹೊಡೆದು ಎಂಟರ್ ಒತ್ತಿ. ಮೌಸ್ ಬೇಡ. ಫೋಲ್ಡರಿಗೆ ಚುಕ್ಕೆ ಹಾಕಿದ್ದೀನಿ, ಮಕ್ಕಳು ಡಿಲೀಟ್ ಮಾಡದಿರಲಿ." ಅದರ ಕೆಳಗೆ ಒಂದು ಅಲಿಯಾಸ್: ಪದ ಎಂದರೆ ಜಿ-ಎಡಿಟ್ ಎಂಬ ಸಾಧನದಲ್ಲಿ ಇಂಥ ಕಡತವನ್ನು ತೆರೆಯತಕ್ಕದ್ದು. ಟರ್ಮಿನಲ್ಲಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲವಾದ್ದರಿಂದ ಆ ಹುಡುಗ ಬೇರೊಂದು ಕಿಟಕಿಯ ಏರ್ಪಾಟು ಮಾಡಿದ್ದ. ನಡುಗುವ ಕೈಗೆ ಮೌಸು ಹಿಡಿದು ಎರಡು ಸಲ ಟಕಟಕ ಎನ್ನಿಸುವುದು ಕಷ್ಟವೆಂದು ಕಂಡುಕೊಂಡು, ಟೈಪು ಮಾಡುವುದಕ್ಕೆ ಒಂದು ಮಾತನ್ನು ಮಾತ್ರ ಉಳಿಸಿದ್ದ. ಆ ಬಾಡಿಗೆಯ ಹುಡುಗನ ಮುಖವನ್ನು ನಾನು ಕಂಡಿಲ್ಲ. ಅವನ ಬಗ್ಗೆ ನನಗೆ ಗೌರವ ಹುಟ್ಟಿತು.

ಪದ ಎಂದು ಹೊಡೆದೆ. ಕಿಟಕಿ ತೆರೆಯಿತು, ತುಂಬ ಕನ್ನಡ. ಹಗೇವು, ಅಕ್ಕಡಿ, ಮೇಟಿ, ಮಿಣಿ, ಕೂರಿಗೆ, ಸಾವಿರಾರು ಸಾಲುಗಳು. ಒಂದೊಂದು ಮಾತಿಗೂ ಅರ್ಥ, ಯಾರ ಬಾಯಿಂದ ಕೇಳಿದ್ದು, ಯಾವ ಕೆಲಸದ ಹೊತ್ತಿನಲ್ಲಿ ಬಳಸುತ್ತಾರೆ ಎಂಬ ವಿವರ. ಅಮ್ಮನವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರೇ ಕೇಳಿದರು, "ದಿನಾ ಬರೀತಿದ್ರಾ?" ಉತ್ತರ ಬ್ಯಾಷ್‌ಹಿಸ್ಟರಿಯಲ್ಲಿತ್ತು. ಅಲ್ಲಿ ತಾರೀಕುಗಳಿರಲಿಲ್ಲ. ‘ಪದ’ ಎಂದೊಂದು ಸಾಲು, ‘ಎಕ್ಸಿಟ್’ ಎಂದೊಂದು ಸಾಲು. ಮತ್ತೆ ಪದ, ಮತ್ತೆ ಎಕ್ಸಿಟ್. ಕೂತದ್ದೂ ಎದ್ದದ್ದೂ ಹೊರತು ಬೇರೆ ಆಜ್ಞೆಯನ್ನೇ ಮೇಷ್ಟ್ರು ಕಲಿತಿರಲಿಲ್ಲ. ಉಬುಂಟುವಿನಲ್ಲಿ ಈ ಕಡತಕ್ಕೆ 2000 ಸಾಲುಗಳ ಮಿತಿಯನ್ನು ಇಟ್ಟಿರುತ್ತಾರೆ. ಅದನ್ನು ಮೀರಿದರೆ ಹಳೆಯವು ಉದುರುತ್ತವೆ. ಮೇಷ್ಟ್ರದು ಮಿತಿ ಮುಟ್ಟಿತ್ತು. ಸಾವಿರ ಸಲ ಕೂತೆದ್ದ ಲೆಕ್ಕ ಅಲ್ಲಿ ಉಳಿದಿತ್ತು. ಅದಕ್ಕೆ ಹಿಂದಿನದು ಉದುರಿಹೋಗಿತ್ತು. "ದಿನಾ ಬರೀತಿದ್ರಮ್ಮ" ಎಂದೆ.

ಸಂಗ್ರಹದ ಕೊನೆಯ ಸಾಲಿನಲ್ಲಿ ‘ಮೆದೆ’ ಎಂದಿತ್ತು. ಮುಂದೆ ಒಂದು ಗೆರೆ, ಅರ್ಥ ಬರೆದಿರಲಿಲ್ಲ. ಅಮ್ಮನವರು ಅದನ್ನು ಎರಡು ಸಲ ಓದಿ, "ಮೆದೆ ಅಂದ್ರೆ ತೆನೆ ಸಮೇತ ಒಟ್ಟಿರೋದಪ್ಪ. ಒಕ್ಕಣೆ ಆದಮೇಲೆ ಬರೀ ಹುಲ್ಲು ಒಟ್ಟಿದ್ರೆ ಅದು ಬಣವೆ. ಪಟ್ಟಣದವರು ಎರಡನ್ನೂ ಬಣವೆ ಅಂತಾರೆ. ಬರ್ಕೋ" ಎಂದರು. ಬರೆದುಕೊಂಡೆ. ಮೇಷ್ಟ್ರ ಪದ್ಧತಿಯಂತೆ, ಹೇಳಿದವರು ಯಾರು ಎಂಬ ಕಡೆ ಅವರ ಹೆಸರನ್ನೂ ಹಾಕಿದೆ. ಆ ಸಂಜೆಯೇ ಸಂಗ್ರಹವನ್ನು ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ಅವರ ಬೀರುವಿನಲ್ಲಿಟ್ಟು ಇನ್ನೊಂದನ್ನು ನಾನು ತಂದೆ. ಅಂಗಡಿಯವನಿಗೆ ಬರುವುದು ಬೇಡವೆಂದು ಫೋನು ಮಾಡಿದ್ದಾಯಿತು.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ಬಿಟ್ಟುಹೋದ ಯಂತ್ರವನ್ನು ಯಾರಾದರೂ ಖಾಲಿಯೆಂದು ಹೇಳಿದರೆ, ಅಳಿಸುವ ಮುನ್ನ ಚುಕ್ಕೆಯ ಕಡತಗಳನ್ನು ಒಮ್ಮೆ ನೋಡಿಸಿ. ಆಜ್ಞೆ ಕಲಿಯುವ ವ್ಯವಧಾನವಿಲ್ಲದಿದ್ದರೆ, ಉಬುಂಟುವಿನಲ್ಲಿ ಕಡತಗಳ ಕಿಟಕಿ ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೂ ಅವು ಕಾಣುತ್ತವೆ; ಆ್ಯಪಲ್ ಯಂತ್ರದಲ್ಲಾದರೆ ಕಮಾಂಡ್, ಶಿಫ್ಟ್ ಮತ್ತು ಚುಕ್ಕೆ. ನಿಮ್ಮ ಸ್ವಂತ ಬರವಣಿಗೆಯನ್ನು ಹಾಗೆ ಮರೆಯಲ್ಲಿ ಇಟ್ಟಿದ್ದರೆ, ಎಲ್ಲಿಟ್ಟಿದ್ದೀರೆಂದು ಮನೆಯವರಲ್ಲಿ ಒಬ್ಬರಿಗಾದರೂ ತಿಳಿಸಿ. ನನ್ನ ವಿಷಯವನ್ನು ನಾನು ಒಂದು ಚೀಟಿಯಲ್ಲಿ ಬರೆದು ನನ್ನಾಕೆಗೆ ಕೊಟ್ಟಿದ್ದೇನೆ. ಅವಳು ಅದನ್ನು ಹಾಲಿನ ಲೆಕ್ಕದ ಚೀಟಿಯ ಜತೆಗೆ ಸಿಕ್ಕಿಸಿದ್ದಾಳೆ. ಅದಕ್ಕಿಂತ ಭದ್ರವಾದ ಸ್ಥಳ ನಮ್ಮ ಮನೆಯಲ್ಲಿ ಇಲ್ಲ.

ಮುಂದಿನ ಭಾನುವಾರ ಹೋದಾಗ ಅಮ್ಮನವರು ಇನ್ನೂ ಹನ್ನೊಂದು ಮಾತುಗಳನ್ನು ನೆನೆದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತುಹಾಕಿಕೊಂಡಿದ್ದರು. ಅವನ್ನು ಸೇರಿಸುತ್ತಿದ್ದಾಗ, "ಆ ಚುಕ್ಕೆ ತೆಗೆದುಬಿಡಪ್ಪ. ಮೊಮ್ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರೂ ಓದಲಿ" ಎಂದರು. ಚೀಲದ ಹೆಸರಿನಿಂದ ಚುಕ್ಕೆಯನ್ನು ತೆಗೆದೆ. ಬ್ಯಾಷ್‌ಆರ್‌ಸಿಯ ಅಲಿಯಾಸಿನಲ್ಲಿಯೂ ಅದಕ್ಕೆ ತಕ್ಕಂತೆ ತಿದ್ದಿದೆ. ಆ ಹುಡುಗನ ಟಿಪ್ಪಣಿಯನ್ನು ಮಾತ್ರ ಮುಟ್ಟಲಿಲ್ಲ.